ಲಿಬ್ರೆ ಆಫೀಸ್ ಬೀಟಾ: ಬಿಡುಗಡೆಗೆ ಮೊದಲೇ ಬಳಸಿ ನೋಡಿದವನ ವಿಮರ್ಶೆ

ಪತ್ರ, ಲೆಕ್ಕದ ಹಾಳೆ ಮೊದಲಾದವನ್ನು ಸಿದ್ಧಪಡಿಸುವ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸಿನ ಹೊಸ ಆವೃತ್ತಿ ವರ್ಷಕ್ಕೆ ಎರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್ ಸುಮಾರಿಗೆ ಹೊರಬರುತ್ತದೆ. ಅದಕ್ಕೆ ಮೊದಲು ಬರುವ ಆಲ್ಫಾ (ಮೊದಲ ಕರಡು), ಬೀಟಾ (ಅದಕ್ಕಿಂತ ಪಕ್ವವಾದದ್ದು) ಮತ್ತು ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಬಹುತೇಕ ಸಿದ್ಧವಾದದ್ದು) ಎಂಬ ಪರೀಕ್ಷಾ ಆವೃತ್ತಿಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು, ಕಂಡ ದೋಷಗಳನ್ನು ವರದಿ ಮಾಡಬಹುದು. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಈ ತಂತ್ರಾಂಶವನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್ ಬರ್ಲಿನ್‌ನಲ್ಲಿ ನೆಲೆಗೊಂಡಿದ್ದು, ಪರೀಕ್ಷೆಯ ಕೆಲಸದ ದೊಡ್ಡ ಪಾಲು ಸ್ವಯಂಸೇವಕರ ಹೆಗಲ ಮೇಲಿದೆ. ನಮ್ಮ ಸಂಘದ ವಾರ್ಷಿಕ ವರದಿ, ಆಹ್ವಾನಪತ್ರಿಕೆ, ಲೆಕ್ಕಪತ್ರಗಳನ್ನೆಲ್ಲ ಕನ್ನಡದಲ್ಲೇ ಸಿದ್ಧಪಡಿಸುವ ನಾನು ಕೆಲವು ವರ್ಷಗಳಿಂದ ಬಿಡುವಾದಾಗ ಈ ಕೆಲಸಕ್ಕೆ ಕೈಹಚ್ಚಿದ್ದೇನೆ.

ಇನ್‌ಸ್ಟಾಲ್ ಮಾಡುವುದರಲ್ಲಿ ಹೆದರುವಂಥದ್ದೇನೂ ಇಲ್ಲ. ಆಲ್ಫಾ, ಬೀಟಾ ಮತ್ತು ದಿನದಿನವೂ ತಯಾರಾಗುವ ಆವೃತ್ತಿಗಳು 'ಲಿಬ್ರೆ ಆಫೀಸ್ ಡೆವ್' ಎಂಬ ಬೇರೆ ಹೆಸರಿನಲ್ಲಿ, ಬೇರೆ ಸೆಟ್ಟಿಂಗ್‌ಗಳೊಂದಿಗೆ ಕೂರುವುದರಿಂದ ನಿತ್ಯ ಬಳಸುವ ಆವೃತ್ತಿಗೆ ಧಕ್ಕೆಯಾಗುವುದಿಲ್ಲ. ಆದರೆ ರಿಲೀಸ್ ಕ್ಯಾಂಡಿಡೇಟ್ ಹಾಗಲ್ಲ, ಅದು ಈಗಿರುವ ಆವೃತ್ತಿಯನ್ನು ತೆಗೆದು ಅದರ ಜಾಗದಲ್ಲೇ ಕುಳಿತುಕೊಳ್ಳುತ್ತದೆ. ಇದನ್ನು ಓದಿಕೊಳ್ಳದೆ ಮಹಾಸಭೆಯ ಹಿಂದಿನ ವಾರ ಗುಂಡಿ ಒತ್ತಿದ್ದು ನನ್ನದೇ ಅವಸರ.

ಕನ್ನಡಿಗರ ಪರೀಕ್ಷೆಗೆ ಇಲ್ಲಿ ವಿಶೇಷ ಬೆಲೆಯಿದೆ. 2017ರ 5.3ನೇ ಆವೃತ್ತಿಯಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಕ್ಷರ ಜೋಡಣೆಯನ್ನು, ಅಂದರೆ ಒತ್ತು, ಗುಣಿತಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಕೆಲಸವನ್ನು, ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ ಮಾಡುತ್ತಿದೆ. ಅದಕ್ಕೂ ಮುನ್ನ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ದಾರಿ ಇತ್ತು. ಅಲ್ಲದೆ ಲಿಬ್ರೆ ಆಫೀಸ್ ಕನ್ನಡವನ್ನು ಇಂಗ್ಲಿಷಿನಿಂದ ಬೇರೆಯಾದ 'ಸಂಕೀರ್ಣ ಲಿಪಿ' ಗುಂಪಿನಲ್ಲಿ ಇಟ್ಟು, ಅದರ ಫಾಂಟು ಮತ್ತು ಅಳತೆಯನ್ನು ಪ್ರತ್ಯೇಕವಾಗಿ ನೆನಪಿಡುತ್ತದೆ. ಹೀಗಾಗಿ ಕನ್ನಡದ ನಡುವೆ ನಾಲ್ಕು ಇಂಗ್ಲಿಷ್ ಪದಗಳಿರುವ ನಮ್ಮ ಸಾಮಾನ್ಯ ಪತ್ರವೊಂದು, ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸುವವರು ಎಂದೂ ಮುಟ್ಟದ ಮೂಲೆಗಳನ್ನು ಮುಟ್ಟಿ ಬರುತ್ತದೆ.

ನನ್ನ ಮೊದಲ ವರದಿಯ ಕಥೆ ಇಷ್ಟು. ಬೀಟಾದಲ್ಲಿ ತೆರೆದ ಕಡತವೊಂದರಲ್ಲಿ 'ಕರ್ನಾಟಕ' ಎಂಬ ಪದದ ಅರ್ಕಾವತ್ತು ಕಾಣೆಯಾಗಿ, 'ರ' ಅಕ್ಷರದ ಕೆಳಗೆ 'ನ' ಒತ್ತು ಬಂದು ಕುಳಿತಿತ್ತು. ಭಾರೀ ದೋಷವನ್ನೇ ಹಿಡಿದೆನೆಂಬ ಉತ್ಸಾಹದಲ್ಲಿ ಚಿತ್ರಸಹಿತ ವರದಿ ಹಾಕಿದೆ. ಯಾವುದೋ ದೇಶದ ಸ್ವಯಂಸೇವಕರೊಬ್ಬರು ವಿನಯದಿಂದಲೇ ಮೂರು ಪ್ರಶ್ನೆ ಕೇಳಿದರು: ಫಾಂಟ್ ಯಾವುದು, ಹಳೆಯ ಆವೃತ್ತಿಯಲ್ಲಿ ಹೇಗೆ ಕಾಣುತ್ತದೆ, ಬಳಕೆದಾರರ ಸೆಟ್ಟಿಂಗ್‌ಗಳನ್ನು ಬದಿಗಿಟ್ಟು ತೆರೆಯುವ ಸೇಫ್ ಮೋಡ್‌ನಲ್ಲೂ ಹೀಗೆಯೇ ಇದೆಯೇ? ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದ ಕೂಡಲೇ ಅರ್ಕಾವತ್ತು ತನ್ನ ಜಾಗಕ್ಕೆ ಬಂತು. ಎಂದೋ ಎಲ್ಲಿಂದಲೋ ತಂದು ಹಾಕಿಕೊಂಡಿದ್ದ ಫಾಂಟಿನಲ್ಲಿ ಅರ್ಕಾವತ್ತು ಮೂಡಿಸುವ ನಿಯಮವೇ ಇರಲಿಲ್ಲ. ವರದಿಗೆ 'ನಮ್ಮ ದೋಷವಲ್ಲ' ಎಂಬ ಷರಾ ಬಿದ್ದು ಮುಚ್ಚಿಹೋಯಿತು. ನಾಚಿಕೆಯಾಯಿತಾದರೂ, ಈ ಕೆಲಸದಲ್ಲಿ ದೋಷವನ್ನು ಕಾಣುವುದಕ್ಕಿಂತ ಅದರ ಮೂಲವನ್ನು ಒಂದೊಂದಾಗಿ ಜರಡಿ ಹಿಡಿಯುವುದೇ ಹೆಚ್ಚಿನ ಪಾಲು ಎಂಬುದು ಅಂದು ತಿಳಿಯಿತು.

ಈ ಜರಡಿಗೆ ಅವರು ಒದಗಿಸಿರುವ 'ಬೈಬಿಸೆಕ್ಟ್' ಸಲಕರಣೆ ನನಗೆ ಬಹಳ ಮೆಚ್ಚಿಗೆಯಾಯಿತು. ಹಿಂದೆ ಸರಿಯಿದ್ದು ಈಗ ಕೆಟ್ಟಿರುವ ಅಂಶವೊಂದಿದ್ದರೆ, ನಡುವಿನ ಸಿದ್ಧ ಆವೃತ್ತಿಗಳನ್ನು ಅರ್ಧಕ್ಕರ್ಧ ಕತ್ತರಿಸುತ್ತ ಹೋಗಿ, ಸಾವಿರ ಆವೃತ್ತಿಗಳ ರಾಶಿಯಲ್ಲಿ ಕೆಡಿಸಿದ ಬದಲಾವಣೆಯನ್ನು ಹತ್ತೇ ಹೆಜ್ಜೆಯಲ್ಲಿ ಹಿಡಿಯಬಹುದು. ಪ್ರೋಗ್ರಾಂ ಬರೆಯಲು ಬರಬೇಕಿಲ್ಲ. ಆದರೆ ತಂತ್ರಾಂಶದ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಪರಿಚಯ, ಹಲವು ಜಿಬಿಯಷ್ಟು ಇಳಿಸಿಕೊಳ್ಳಲು ಇಂಟರ್ನೆಟ್ಟು ಮತ್ತು ಬಿಡುವಿನ ಸಂಜೆ ಬೇಕು.

ಕೊರತೆಗಳೂ ಇವೆ. ವರದಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು; ಒತ್ತಕ್ಷರ, ಗುಣಿತ, ದೀರ್ಘಗಳ ಸಮಸ್ಯೆಯನ್ನು ಕನ್ನಡ ಅರಿಯದವರಿಗೆ ಇಂಗ್ಲಿಷಿನಲ್ಲಿ ವಿವರಿಸುವುದು ಸುಲಭದ ಮಾತಲ್ಲ, ಸರಿಯಾದ ರೂಪ ಮತ್ತು ತಪ್ಪಾದ ರೂಪ ಎರಡರ ಚಿತ್ರವನ್ನೂ ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ವರದಿ 'ದೃಢಪಟ್ಟಿಲ್ಲ' ಎಂಬ ಹಂತದಿಂದ ಮುಂದೆ ಸರಿಯಲು ಮತ್ತೊಬ್ಬರು ಅದನ್ನೇ ಮಾಡಿ ನೋಡಿ ಹೌದೆನ್ನಬೇಕು, ಕನ್ನಡ ಬಲ್ಲ ಆ ಮತ್ತೊಬ್ಬರು ಸಿಗುವುದು ಅಪರೂಪ. ದೃಢಪಟ್ಟ ಮಾತ್ರಕ್ಕೆ ದುರಸ್ತಿಯಾಗುತ್ತದೆಂಬ ಭರವಸೆಯೂ ಇಲ್ಲ. ನಾಳೆಯೇ ಮುದ್ರಣಕ್ಕೆ ಹೋಗಬೇಕಾದ ಕೆಲಸ ಕೈಯಲ್ಲಿರುವವರು ಬೀಟಾದ ಹತ್ತಿರ ಸುಳಿಯದಿರುವುದು ಒಳ್ಳೆಯದು. ತಿಂಗಳಿಗೆ ಒಂದೆರಡು ಗಂಟೆ ಬಿಡುವಿದ್ದು, ಕನ್ನಡದಲ್ಲಿ ಉದ್ದದ ಕಡತಗಳನ್ನು ನಿಭಾಯಿಸುವವರಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ವರದಿಯೊಂದಿಗೆ ಅಂಟಿಸಿದ ಕಡತವನ್ನು ಜಗತ್ತಿನ ಯಾರು ಬೇಕಾದರೂ ತೆರೆದು ನೋಡಬಹುದಾದ್ದರಿಂದ ಸಂಘದ ಲೆಕ್ಕಪತ್ರವನ್ನು ಹಾಗೆಯೇ ಹಾಕುವಂತಿಲ್ಲ. ಅದಕ್ಕೆಂದೇ ಹನ್ನೆರಡು ಸಾಲಿನ ಮಾದರಿ ಕಡತವೊಂದನ್ನು ಮಾಡಿಟ್ಟುಕೊಂಡಿದ್ದೇನೆ. ಅದರಲ್ಲಿ 'ಕರ್ನಾಟಕ', 'ಸ್ವಾತಂತ್ರ್ಯ', 'ಸಾಫ್ಟ್‌ವೇರ್' ಮೊದಲಾದ ತಂಟೆಯ ಪದಗಳೂ ನಡುವೆ ಒಂದಿಷ್ಟು ಇಂಗ್ಲಿಷೂ ಇದ್ದು, ಬೀಟಾ ಬಂದ ದಿನ ನಾನು ಮೊದಲು ತೆರೆಯುವುದು ಅದನ್ನೇ.