ಜಪಾನಿನ ಹಳೇ ಕತ್ತಿ ಕೊಳ್ಳುವ ಮುಂಚೆ: ಸಹಿಯನ್ನೇ ನಂಬಿ ದುಡ್ಡು ಕೊಡಬೇಡಿ

ಜಪಾನಿಗೆ ಕೆಲಸಕ್ಕೆ ಬಂದ ನಮ್ಮವರಲ್ಲಿ ಕೆಲವರಿಗೆ ಒಂದು ಹಳೇ ಕತ್ತಿ ಕೊಳ್ಳುವ ಆಸೆ ಹುಟ್ಟುತ್ತದೆ. ತಪ್ಪೇನಿಲ್ಲ. ನೋಂದಣಿ ಆಗಿರುವ ಕತ್ತಿಯನ್ನು ಇಲ್ಲಿ ನೆಲೆಸಿರುವ ವಿದೇಶಿಯರೂ ಇಟ್ಟುಕೊಳ್ಳಬಹುದು. ಆದರೆ ಹೆಸರಾಂತ ಕಮ್ಮಾರನ ಸಹಿ ಇರುವ ಕತ್ತಿ ಕಡಿಮೆ ಬೆಲೆಗೆ ಕಂಡರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ.

ನಾನು ಕೊಂಡಿದ್ದು ಆನ್‌ಲೈನ್ ಹರಾಜಿನಲ್ಲಿ, 6 ಲಕ್ಷ ಯೆನ್‌ಗೆ. ಕತ್ತಿಯ ಹಿಡಿಯೊಳಗೆ ಅಡಗಿರುವ ಕಬ್ಬಿಣದ ಭಾಗಕ್ಕೆ ನಕಾಗೊ ಅನ್ನುತ್ತಾರೆ. ಬಿದಿರಿನ ಸಣ್ಣ ಗೂಟ ತೆಗೆದು ಹಿಡಿ ಕಳಚಿದರೆ ಅದು ಕಾಣುತ್ತದೆ. ಕಮ್ಮಾರ ತನ್ನ ಹೆಸರನ್ನು ಉಳಿಯಿಂದ ಕೊರೆಯುವುದು ಅಲ್ಲೇ. ಈ ಕತ್ತಿಯಲ್ಲಿ ಹಿಜೆನ್ ನಾಡಿನ ತದಯೋಶಿ ಎಂದು ಕೊರೆದಿತ್ತು. ಕ್ಯೂಶು ದ್ವೀಪದ ಸಾಗಾದಲ್ಲಿ, ನಬೆಶಿಮಾ ದೊರೆಗಳ ಆಶ್ರಯದಲ್ಲಿ ಬೆಳೆದ ಮನೆತನ ಇದು. ಮೊದಲನೇ ತದಯೋಶಿ 1632ರಲ್ಲಿ ತೀರಿಕೊಂಡ. ಆಮೇಲೆ ತಲೆಮಾರುಗಟ್ಟಲೆ ಅದೇ ಹೆಸರು ನಡೆಯಿತು. ಬೇಡಿಕೆ ಜಾಸ್ತಿ, ಹಾಗಾಗಿ ನಕಲಿ ಸಹಿಯೂ ಜಾಸ್ತಿ. ನಕಲಿ ಸಹಿಗೆ ಇಲ್ಲಿ ಗಿಮೇ ಅನ್ನುತ್ತಾರೆ.

ಮಾರುವವರು ಮುಂದಿಟ್ಟಿದ್ದು ಒಂದು ಸರ್ಕಾರಿ ಕಾಗದ, ತೊರೊಕುಶೋ, ಅಂದರೆ ಕತ್ತಿಯ ನೋಂದಣಿ ಪತ್ರ. ಅದರಲ್ಲಿ ತದಯೋಶಿ ಎಂದೇ ಬರೆದಿತ್ತು. "ಸರ್ಕಾರವೇ ದಾಖಲೆ ಮಾಡಿಕೊಂಡಿದೆ" ಅಂತ ಸಂದೇಶ ಕಳಿಸಿದರು. ಮೋಸ ಇರುವುದು ಇಲ್ಲೇ. ಆ ಕಾಗದ ಕೊಡುವುದು ಪ್ರಾಂತ್ಯದ ಶಿಕ್ಷಣ ಮಂಡಳಿ. ಕತ್ತಿಯ ಉದ್ದ, ಬಾಗು, ಗೂಟದ ತೂತುಗಳು ಎಷ್ಟು, ಕೊರೆದಿರುವ ಅಕ್ಷರ ಏನು ಎಂದು ಕಂಡಿದ್ದನ್ನು ಕಂಡ ಹಾಗೆ ಬರೆದುಕೊಳ್ಳುತ್ತಾರೆ, ಅಷ್ಟೇ. ಆ ಅಕ್ಷರ ಕೊರೆದವನು ಯಾರು ಅಂತ ಅವರು ಕೇಳುವುದೇ ಇಲ್ಲ. ನಾನೇ ನಿಮ್ಮ ಹೆಸರಿನಲ್ಲಿ ಸಹಿ ಹಾಕಿದ್ದರೂ ನಿಮ್ಮ ಹೆಸರೇ ದಾಖಲಾಗುತ್ತದೆ. ಈ ಕಾಗದ ಇಲ್ಲದ ಕತ್ತಿಯನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕೊಂಡ 20 ದಿನದೊಳಗೆ ಮಾಲೀಕರು ಬದಲಾದದ್ದನ್ನು ತಿಳಿಸಲೂ ಬೇಕು. ಆದರೆ ಅಸಲಿ ನಕಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಮಾರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಸಲಿತನ ನೋಡುವುದು ಬೇರೆಯವರ ಕೆಲಸ. 1948ರಲ್ಲಿ ಶುರುವಾದ ಎನ್‌ಬಿಟಿಎಚ್‌ಕೆ ಅನ್ನೋ ಕತ್ತಿ ಸಂರಕ್ಷಣಾ ಸಂಸ್ಥೆ ಟೋಕಿಯೋದಲ್ಲಿದೆ. ಅವರ ಪರೀಕ್ಷೆಗೆ ಶಿನ್ಸಾ ಅನ್ನುತ್ತಾರೆ. ಪಾಸಾದರೆ ಹೊಜೊನ್, ಅದರ ಮೇಲೆ ತೊಕುಬೆತ್ಸು ಹೊಜೊನ್, ಜೂಯೋ ಹೀಗೆ ಕಾಗದ ಕೊಡುತ್ತಾರೆ. ನನ್ನ ಕತ್ತಿಗೆ ಕಾಗದ ಸಿಗಲಿಲ್ಲ. ಗಿಮೇ ಅಂದುಬಿಟ್ಟರು.

ಯಾಕೆ ಅಂತ ವಿವರಿಸಿದ್ದು ಕತ್ತಿಗೆ ಸಾಣೆ ಹಿಡಿಯುವ ಒಬ್ಬ ಹಿರಿಯರು. ಅವರು ನೋಡಿದ ರೀತಿಯೇ ನನಗೆ ಹೊಸದು. ಮೊದಲು ನಕಾಗೊ ಮೇಲೆ ಬಟ್ಟೆ ಸುತ್ತಿಸಿದರು. ಸಹಿ ಕಾಣಬಾರದು! ಆಕಾರ, ಉಕ್ಕಿನ ಮೈ, ಅಂಚಿನ ಬಿಳಿ ಗೆರೆ, ಇಷ್ಟನ್ನೇ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರು. ಹಿಜೆನ್ ಕತ್ತಿಯ ಉಕ್ಕು ಅಕ್ಕಿ ತೌಡು ಉದುರಿಸಿದಂತೆ ನುಣ್ಣಗೆ, ಒಂದೇ ಸಮ ಇರುತ್ತದಂತೆ. ಇದರ ಮೈ ಒರಟು, ಎಳೆ ಎದ್ದು ಕಾಣುತ್ತದೆ. ಆಮೇಲೆ ಬಟ್ಟೆ ಬಿಚ್ಚಿ, ಸಹಿ ಯಾವ ಮಗ್ಗುಲಲ್ಲಿದೆ ಎಂದು ತೋರಿಸಿದರು. ತದಯೋಶಿ ಮನೆಯವರು ಉದ್ದ ಕತ್ತಿಗೆ ಸಾಮಾನ್ಯವಾಗಿ ಬೇರೆಯವರಿಗಿಂತ ಉಲ್ಟಾ ಮಗ್ಗುಲಲ್ಲಿ ಸಹಿ ಮಾಡುತ್ತಿದ್ದರು. ಮೊನೆ ಮೇಲೆ ಮಾಡಿ ಸಹಿ ನಮ್ಮ ಕಡೆ ತಿರುಗಿಸಿದರೆ ಹರಿತದ ಬದಿ ಬಲಕ್ಕೆ ಬರಬೇಕು. ಇದರಲ್ಲಿ ಎಡಕ್ಕೆ ಬರುತ್ತದೆ. ಇದೊಂದರಿಂದಲೇ ತೀರ್ಮಾನ ಮಾಡಬೇಡಿ ಅಂತಲೂ ಹೇಳಿದರು. ಆದರೆ ಹರಾಜಿನ ಫೋಟೋದಲ್ಲಿ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ದಿನವೂ ಕತ್ತಿ ಮಾರುವವರಿಗೆ ಕಾಣಲಿಲ್ಲ ಅಂದರೆ ನಾನಂತೂ ನಂಬಲ್ಲ.

ಇನ್ನೊಂದು, ತುಕ್ಕು. ಹಳೇ ಸಹಿಯ ಗೀರಿನೊಳಗೂ ಸುತ್ತಲಿನಷ್ಟೇ ಹಳೇ ಕಪ್ಪು ತುಕ್ಕು ಇರಬೇಕು. ಆಮೇಲೆ ಕೊರೆದ ಅಕ್ಷರ ತುಕ್ಕನ್ನು ಸೀಳಿಕೊಂಡು ಹೋಗಿರುತ್ತದೆ, ಗೀರಿನ ತಳದ ಬಣ್ಣವೇ ಬೇರೆ. ಅದಕ್ಕೇ ನಕಾಗೊವನ್ನು ಯಾವತ್ತೂ ಉಜ್ಜಬೇಡಿ, ಎಣ್ಣೆ ಹಾಕಿ ತುಕ್ಕು ತೆಗೆಯಬೇಡಿ. ಇರುವ ಸಾಕ್ಷಿಯೂ ಹೋಗುತ್ತದೆ, ಬೆಲೆಯೂ ಬೀಳುತ್ತದೆ.

ಫೋಟೋ ಪಕ್ಕ ಫೋಟೋ ಇಟ್ಟು ಅಕ್ಷರ ಹೋಲಿಸಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಒಬ್ಬನೇ ಕಮ್ಮಾರನ ಸಹಿ ವಯಸ್ಸಿನ ಜೊತೆ ಬದಲಾಗುತ್ತದೆ. ಮೊದಲನೇ ತದಯೋಶಿಯೇ 1624ರಲ್ಲಿ ಬಿರುದು ಸಿಕ್ಕ ಮೇಲೆ ತದಹಿರೊ ಎಂದು ಹೆಸರು ಬದಲಿಸಿಕೊಂಡ. ಗುರುವಿನ ಒಪ್ಪಿಗೆಯಿಂದ ಶಿಷ್ಯ ಕೊರೆದ ಸಹಿಗಳೂ ಇವೆ, ಅವನ್ನು ನಕಲಿ ಅನ್ನುವುದಿಲ್ಲ. ಇತ್ತ ನಕಲಿ ಮಾಡುವವನೂ ಅಸಲಿ ಸಹಿಯನ್ನು ಮುಂದಿಟ್ಟುಕೊಂಡೇ ಕೊರೆಯುವುದು. ಕೊತೆತ್ಸು ಎಂಬ 17ನೇ ಶತಮಾನದ ಕಮ್ಮಾರನ ವಿಷಯದಲ್ಲಂತೂ, ಅವನ ಸಹಿ ಕಂಡರೆ ನಕಲಿ ಅಂತಲೇ ಶುರುಮಾಡು ಅನ್ನುವ ಮಾತಿದೆ. 19ನೇ ಶತಮಾನದ ಶಿನ್ಸೆನ್‌ಗುಮಿ ಎಂಬ ಸಮುರಾಯ್ ಪಡೆಯ ನಾಯಕ ಕೊಂದೊ ಇಸಾಮಿ ಹೆಮ್ಮೆಯಿಂದ ಹಿಡಿದಿದ್ದ ಕೊತೆತ್ಸು ಕೂಡ ನಕಲಿಯೇ ಇರಬೇಕು ಅನ್ನುವವರು ಬಹಳ. ಕತ್ತಿಯನ್ನೇ ನಂಬಿ ಬದುಕಿದವನ ಕಥೆ ಹೀಗಾದರೆ, ನಮ್ಮದೇನು?

ಮಾರಿದವರಿಗೆ ಫೋನ್ ಮಾಡಿದೆ. ಜಾಹೀರಾತಿನ ಕೊನೆಯಲ್ಲಿ 'ನೋ ಕ್ಲೇಮ್, ನೋ ರಿಟರ್ನ್' ಎಂದಿತ್ತಲ್ಲ ಅಂದರು. ತದಯೋಶಿ ಮಾಡಿದ ಕತ್ತಿ ಅಂತ ನಾವು ಎಲ್ಲೂ ಬರೆದಿಲ್ಲ, ತದಯೋಶಿ ಎಂಬ ಸಹಿ ಇದೆ ಅಂತಷ್ಟೇ ಬರೆದಿದ್ದೇವೆ ಅಂದರು. ಅದು ನಿಜವೇ. ಎಷ್ಟು ಹುಷಾರಾಗಿ ಬರೆದಿದ್ದರು ನೋಡಿ.

ಹಳೇ ಕಾಗದಗಳ ವಿಷಯದಲ್ಲೂ ಹುಷಾರು. ಎನ್‌ಬಿಟಿಎಚ್‌ಕೆಯೇ 1982ಕ್ಕೆ ಮುಂಚೆ ಕೊಡುತ್ತಿದ್ದ ಬಿಳಿ, ಹಸಿರು ಕಾಗದಗಳು ಈಗಲೂ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ದೊಡ್ಡ ಹೆಸರಿಗೆ ಅಂಥ ಕಾಗದ ಇದ್ದರೆ ತಿಳಿದವರು ಮತ್ತೆ ಶಿನ್ಸಾ ಕೇಳುತ್ತಾರೆ. ಹೊಸ ಕಾಗದ ಇದ್ದರೂ ಅದರಲ್ಲಿರುವ ನಕಾಗೊ ಚಿತ್ರವನ್ನು ಕೈಯಲ್ಲಿರುವ ಕತ್ತಿಯ ಜೊತೆ ತಾಳೆ ನೋಡಿ. ತೂತಿನ ಜಾಗ, ತುಕ್ಕಿನ ಕಲೆ, ಎಲ್ಲ ಕೂಡಿಬರಬೇಕು. ಮರದ ಒರೆಯ ಮೇಲೆ ಶಾಯಿಯಲ್ಲಿ ಬರೆದ ಹೊಗಳಿಕೆಯನ್ನೂ ನಕಲು ಮಾಡುತ್ತಾರೆ.

ಈ ಕತ್ತಿ ಹಳೆಯದೇ, ಅಲಗೂ ಕೆಟ್ಟದ್ದಲ್ಲ. ಸುಳ್ಳು ಸಹಿಯನ್ನು ಅಳಿಸಿ, ಸಹಿಯಿಲ್ಲದ ಕತ್ತಿಯಾಗಿ ಮತ್ತೆ ಶಿನ್ಸಾಗೆ ಕಳಿಸುವ ದಾರಿ ಇದೆ. ಒಮ್ಮೆ ಅಳಿಸಿದರೆ ವಾಪಸ್ ಬರಲ್ಲ, ಹಾಗಾಗಿ ಇನ್ನೂ ಮುಟ್ಟಿಸಿಲ್ಲ.

ನೀವು ಕೊಳ್ಳುವುದಾದರೆ ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಶಿನ್ಸಾದಲ್ಲಿ ಗಿಮೇ ಅಂದರೆ ಪೂರ್ತಿ ಹಣ ವಾಪಸ್ ಕೊಡ್ತೀರಾ? ಉತ್ತರ ಬರವಣಿಗೆಯಲ್ಲಿ ಬೇಕು. ಒಪ್ಪುವ ಅಂಗಡಿಗಳು ಇವೆ, ಬೆಲೆ ಜಾಸ್ತಿ ಹೇಳುತ್ತಾರೆ. ಅಲ್ಲಿಗೇ ಹೋಗಿ.