ದಿನಕ್ಕೆ ಮೂರೇ ಗಂಟೆಯ ಮಾಂಟೆಸರಿ: ಎರಡು ವರ್ಷ ಕಳಿಸಿ ನೋಡಿದ ಮೇಲೆ

ಮೈಸೂರಿನ ಕುವೆಂಪುನಗರದ ಕಡೆ ಒಂದು ಚಿಕ್ಕ ಮಾಂಟೆಸರಿಗೆ ಮಗಳನ್ನು ಎರಡು ವರ್ಷ ಕಳಿಸಿದೆವು. ಬೆಳಿಗ್ಗೆ ಒಂಬತ್ತೂವರೆಗೆ ಬಿಡುವುದು, ಹನ್ನೆರಡೂವರೆಗೆ ಕರೆದುಕೊಂಡು ಬರುವುದು. ಊಟ ಮನೆಯಲ್ಲಿ, ಮಧ್ಯಾಹ್ನದ ನಿದ್ದೆ ಅಜ್ಜಿ ಪಕ್ಕದಲ್ಲಿ. ಶಾಲೆಯ ಹೆಸರು ಬರೆಯುತ್ತಿಲ್ಲ. ಇಂಥ ಮನೆಯಂಥ ಶಾಲೆಗಳು ಎಲ್ಲ ಊರಲ್ಲೂ ಇವೆ, ನಿಮ್ಮ ಹತ್ತಿರದ್ದನ್ನು ನೀವೇ ನೋಡಿ ಆರಿಸಬೇಕು. ಹೇಗೆ ನೋಡಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮೂರು ವರ್ಷದ ಮಗುವಿಗೆ ಮೂರು ಗಂಟೆ ಧಾರಾಳವಾಗಿ ಸಾಕು. ಜಾಗ ಹೇಗಿದೆ ಅಂತ ತಿಳಿಯಬೇಕಾದರೆ ಮೊದಲು ಅಲ್ಲಿನ ಆಯಮ್ಮನನ್ನು ನೋಡಿ.

ಹುಡುಕಲು ಶುರು ಮಾಡಿದಾಗ ಮಗಳಿಗೆ ಎರಡೂವರೆ. "ಇನ್ನೂ ಎಲ್ಲೂ ಸೇರಿಸಿಲ್ವಾ?" ಅಂತ ಸಿಕ್ಕವರೆಲ್ಲ ಕೇಳುತ್ತಿದ್ದರು. ಆಗ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇಸ್ಕೂಲುಗಳಿಗೆ ಮಾಡಿರುವ ಮಾರ್ಗಸೂಚಿ ಓದಿದೆ. ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 3ರಿಂದ 4 ಗಂಟೆ ಮಾತ್ರ, 20 ಮಕ್ಕಳಿಗೆ ಒಬ್ಬ ಟೀಚರ್ ಮತ್ತು ಒಬ್ಬ ಆಯಾ ಇರಬೇಕು ಅಂತ ಅದರಲ್ಲಿದೆ. ಈ ಮೂರನ್ನು ತಲೆಯಲ್ಲಿಟ್ಟುಕೊಂಡು ಹೋಗಿ ಕೇಳಿದರೆ ಅರ್ಧ ಪಟ್ಟಿ ಅಲ್ಲೇ ಮುಗಿಯುತ್ತದೆ. ನಾವು ಮೂರು ತುಂಬುವವರೆಗೆ ಕಾದೆವು. ಅದರಿಂದ ಏನೂ ಕಡಿಮೆಯಾಗಲಿಲ್ಲ.

ಅಂಗನವಾಡಿಯನ್ನೂ ನೋಡಿದೆವು. ಬಡಾವಣೆಗಳಲ್ಲಿ ಇರುವವರು ಆ ಕಡೆ ತಿರುಗಿಯೂ ನೋಡುವುದಿಲ್ಲ, ಅದು ನನಗೆ ಬೇಸರದ ವಿಷಯ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ 33 ಕಡೆ ಶುರುವಾದಾಗ ನಮ್ಮ ಜಿಲ್ಲೆಯ ಟಿ. ನರಸೀಪುರವೂ ಅದರಲ್ಲಿತ್ತು. ಹಾಲು, ಮೊಟ್ಟೆ, ಬಿಸಿ ಊಟ, ಆಡುತ್ತಾ ಕಲಿಯಲು 'ಚಿಲಿಪಿಲಿ' ಅನ್ನುವ ಪಠ್ಯಕ್ರಮ, ಎಲ್ಲವೂ ಉಚಿತ. ನಾವು ನೋಡಿದ ಕಡೆ ಕಾರ್ಯಕರ್ತೆ ಮಕ್ಕಳನ್ನು ಹೆಸರು ಹಿಡಿದು ಪ್ರೀತಿಯಿಂದ ಮಾತಾಡಿಸುತ್ತಿದ್ದರು. ಆದರೆ ದೊಡ್ಡ ರಸ್ತೆ ದಾಟಿ ಹೋಗಬೇಕಿತ್ತು. ಮೊಣಕಾಲು ನೋವಿರುವ ನಮ್ಮತ್ತೆ ದಿನಾ ಮಗುವಿನ ಕೈ ಹಿಡಿದು ದಾಟುವುದು ಆಗುವ ಮಾತಲ್ಲ. ನಿಮ್ಮ ಮನೆ ಹತ್ತಿರವೇ ಇದ್ದರೆ ದಯವಿಟ್ಟು ಒಮ್ಮೆ ಹೋಗಿ ನೋಡಿ.

ಇನ್ನು ಮಾಂಟೆಸರಿ ಅನ್ನುವ ಬೋರ್ಡು. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಡೆಯುವವರಿಲ್ಲ. ಹಾಗಾಗಿ ಒಳಗೆ ಹೋಗಿ ನೋಡಲೇಬೇಕು. ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕೂತಿದ್ದಾರಾ? ಟೀಚರ್ ಮಾಂಟೆಸರಿ ಡಿಪ್ಲೊಮಾ ಮಾಡಿದ್ದಾರಾ, ಎಲ್ಲಿ ಮಾಡಿದರು? ಸಾಮಾನು ಮಕ್ಕಳ ಕೈಗೆ ಸಿಗುವ ಹಾಗೆ ತಗ್ಗಿನ ಶೆಲ್ಫಿನಲ್ಲಿದೆಯಾ, ಅಥವಾ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರಾ? ನಾವು ನೋಡಿದ ಒಂದು ಕಡೆ ಗುಲಾಬಿ ಗೋಪುರ ಗಾಜಿನ ಬೀರುವಿನೊಳಗೆ ಷೋಕೇಸಿನ ಬೊಂಬೆಯಂತೆ ಕೂತಿತ್ತು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಮರದ ಘನಗಳು. ಮಗು ಎತ್ತಿ, ಹೊತ್ತು, ಬೀಳಿಸಿ ಕಟ್ಟಬೇಕಾದ ಸಾಮಾನು ಅದು.

ನಾವು ಆರಿಸಿದ ಶಾಲೆ ಹಳೇ ಮನೆಯೊಂದರ ಕೆಳಗಿನ ಮಹಡಿ. ಟೀಚರುಗಳನ್ನು ಮಕ್ಕಳು 'ಆಂಟಿ' ಅನ್ನುತ್ತಾರೆ. ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು, "ಕದ್ದು ಹೋಗಬೇಡಿ. ಹೋಗ್ತೀನಿ, ಇಷ್ಟೊತ್ತಿಗೆ ಬರ್ತೀನಿ ಅಂತ ಹೇಳಿಯೇ ಹೋಗಿ, ಅತ್ತರೂ ಪರವಾಗಿಲ್ಲ." ಮಗಳು ಅತ್ತಳು. ಎರಡನೇ ವಾರವೂ ಅತ್ತಳು. ಆ ದಿನಗಳಲ್ಲಿ ಅವಳನ್ನು ಒಳಗೆ ಎಳೆದುಕೊಂಡು ಹೋಗಲು ಯಾರೂ ನೋಡಲಿಲ್ಲ. ಆಯಮ್ಮ ಜಗಲಿಯಲ್ಲೇ ಕೂರಿಸಿಕೊಂಡು ಒದ್ದೆ ಬಟ್ಟೆಯೊಂದನ್ನು ಕೈಗೆ ಕೊಟ್ಟರು. "ಈ ಎಲೆ ಮೇಲೆ ನೋಡು ಕಂದ, ಎಷ್ಟು ಧೂಳು!" ಕುಂಡದ ಮನಿಪ್ಲಾಂಟಿನ ಎಲೆ ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ಒರೆಸುವುದನ್ನು ತೋರಿಸಿದರು. ಇವಳು ಬಿಕ್ಕುತ್ತಲೇ ಒರೆಸಿದಳು. ಒಂದು ಕುಂಡ ಆಯಿತು, ಇನ್ನೊಂದು ಆಯಿತು. ಬಟ್ಟೆ ಕಪ್ಪಾಗಿದ್ದನ್ನು ಆಂಟಿಗೆ ತೋರಿಸಲು ತಾನಾಗೇ ಒಳಗೆ ಹೋದಳು. ಗೇಟಿನ ಆಚೆ ನಿಂತಿದ್ದ ನನಗೆ ಆಗ ಇದೇ ಸರಿಯಾದ ಜಾಗ ಅನ್ನಿಸಿತು.

ಬಾತ್‌ರೂಮಿನ ವಿಷಯದಲ್ಲೂ ಅಷ್ಟೇ. ಡಯಾಪರ್ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ, ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಬದಲಿಸಿದ ಬಟ್ಟೆಯನ್ನು ಕವರಿನಲ್ಲಿ ಹಾಕಿ ಬ್ಯಾಗಿನ ತಳದಲ್ಲಿ ಇಟ್ಟು ಕಳಿಸುತ್ತಿದ್ದರು. ಗೇಟಿನ ಹತ್ತಿರ ನಾಲ್ಕು ಜನರ ಮುಂದೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎರಡನೇ ವರ್ಷದ ನಡುವೆ ಒಬ್ಬ ಆಂಟಿ ಕೆಲಸ ಬಿಟ್ಟು ಹೋದರು. ಹೊಸಬರು ಬಂದು ಹೊಂದಿಕೊಳ್ಳುವವರೆಗೆ ತರಗತಿ ಸ್ವಲ್ಪ ಅಲುಗಾಡಿತು, ಮಕ್ಕಳು ಮತ್ತೆ ಹಟ ಹಿಡಿಯಲು ಶುರು ಮಾಡಿದರು. ಆಯಮ್ಮ ಹಳಬರೇ ಇದ್ದದ್ದರಿಂದ ಬೇಗ ಸರಿಹೋಯಿತು. ಅದಕ್ಕೇ ಹೇಳುತ್ತಿದ್ದೇನೆ, ಅಡ್ಮಿಷನ್‌ಗೆ ಮೊದಲು ಕೇಳಿ: "ಆಯಮ್ಮ ಎಷ್ಟು ವರ್ಷದಿಂದ ಇದ್ದಾರೆ?" ಪಠ್ಯಕ್ರಮ ಯಾವುದು ಅಂತ ಕೇಳುವುದಕ್ಕಿಂತ ಈ ಪ್ರಶ್ನೆಗೆ ಬರುವ ಉತ್ತರದಿಂದ ಜಾಸ್ತಿ ತಿಳಿಯುತ್ತದೆ.

ಕಲಿಕೆಯ ವಿಷಯಕ್ಕೆ ಬಂದರೆ, ಮೊದಲ ವರ್ಷ ನೋಟ್‌ಬುಕ್ಕೇ ಇರಲಿಲ್ಲ. ಚಿಕ್ಕ ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುವುದು, ಚೆಲ್ಲಿದರೆ ಸ್ಪಂಜಿನಿಂದ ಒರೆಸುವುದು, ಚಾಪೆ ಸುತ್ತಿ ಜಾಗಕ್ಕೆ ಇಡುವುದು. ಪ್ರತಿ ಸಾಮಾನು ಒಂದೇ ಒಂದು ಇರುತ್ತದೆ, ಬೇಕಾದವರು ಕಾಯಬೇಕು. ಕಾಯುವುದನ್ನು ಇವಳು ಕಲಿತದ್ದು ಅಲ್ಲೇ. ಮನೆಯಲ್ಲಿ ಅಜ್ಜನಿಗೆ ನೀರು ಕೊಡಲು ತಾನೇ ಲೋಟ ಹಿಡಿದು ಹೋಗುತ್ತಾಳೆ, ಎರಡೂ ಕೈಯಲ್ಲಿ, ಕಣ್ಣು ಲೋಟದ ಮೇಲೇ.

ಎರಡನೇ ವರ್ಷ ಮರಳು ಕಾಗದದ ಅಕ್ಷರಗಳು ಬಂದವು. ಕನ್ನಡದ್ದೂ ಇದ್ದವು ಅನ್ನುವುದು ನಾವು ಇಲ್ಲಿ ಸೇರಿಸಲು ದೊಡ್ಡ ಕಾರಣ. ಅ ಆ ಇ ಈ ಅಂತ ಸಾಲಾಗಿ ಶುರು ಮಾಡಲಿಲ್ಲ, ರ, ಗ, ಸ, ದ ಅಂತ ಶುರು ಮಾಡಿದರು. 1995ರಲ್ಲಿ ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ, ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿಕಲಿಯ ಕ್ರಮವೂ ಇದೇ. ಬೆರಳಿನಿಂದ 'ರ' ಸವರಿದ ಮಗುವಿಗೆ 'ಗ' ಸುಲಭ. ಅತ್ತೆ ಅಕ್ಷರಮಾಲೆ ಬಾಯಿಪಾಠ ಮಾಡಿಸಲಿಲ್ಲ ಅಂತ ಸ್ವಲ್ಪ ದಿನ ಗೊಣಗಿದರು. ಮಗು ಬಸ್ಸಿನ ಬೋರ್ಡಿನಲ್ಲಿ 'ನಗರ' ಓದಿದ ಮೇಲೆ ಸುಮ್ಮನಾದರು.

ಇಷ್ಟವಾಗದ ವಿಷಯಗಳೂ ಇವೆ. ವ್ಯಾನ್ ಇಲ್ಲ. ಹನ್ನೆರಡೂವರೆಗೆ ಮನೆಯವರೇ ಹೋಗಬೇಕು, ಹತ್ತು ನಿಮಿಷ ತಡವಾದರೆ ಫೋನ್ ಬರುತ್ತದೆ. ಅತ್ತೆ ಊರಿಗೆ ಹೋದಾಗ ನಾವಿಬ್ಬರೂ ಸರದಿಯಲ್ಲಿ ಅರ್ಧ ದಿನ ರಜೆ ಹಾಕಿದ್ದೇವೆ. ಫೀಸು ವರ್ಷಕ್ಕೆ ₹60,000 ಆಸುಪಾಸು, ಮೂರು ಗಂಟೆಗೆ ಜಾಸ್ತಿಯೇ. ಮೊದಲ ಮಳೆಗಾಲ ಪೂರ್ತಿ ನೆಗಡಿ, ಕೆಮ್ಮು. ಒಮ್ಮೆ ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಎಚ್‌ಎಫ್‌ಎಂಡಿ ಬಂತು. ಒಂದು ಮಗುವಿಗೆ ಬಂದಿದೆ ಅಂತ ಶಾಲೆಯವರು ಎಲ್ಲ ಅಪ್ಪ ಅಮ್ಮಂದಿರಿಗೆ ತಡವಾಗಿ ತಿಳಿಸಿದರು. ಅದು ಸರಿಯಲ್ಲ ಅಂತ ಮುಖಕ್ಕೇ ಹೇಳಿದೆ, ಆಮೇಲೆ ಅವರು ಅದೇ ದಿನ ಮೆಸೇಜ್ ಹಾಕುವ ಪದ್ಧತಿ ತಂದರು. ದಿನಾ ಫೋಟೋ ಕಳಿಸುವುದಿಲ್ಲ. ಇದು ಕೆಲವರಿಗೆ ಕೊರತೆ, ನನಗಲ್ಲ. ಫೋಟೋ ತೆಗೆಯುತ್ತಾ ನಿಂತರೆ ಮಕ್ಕಳನ್ನು ನೋಡುವವರು ಯಾರು, ಅಲ್ವಾ?

ಮನೆಯಲ್ಲಿ ಮಧ್ಯಾಹ್ನ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಈ ವ್ಯವಸ್ಥೆ ಆಗುವುದಿಲ್ಲ. ಶಾಲೆ ಒಂದು ಕಡೆ, ಡೇಕೇರ್ ಇನ್ನೊಂದು ಕಡೆ ಅಂತ ಮಗುವನ್ನು ಓಡಾಡಿಸುವುದಕ್ಕಿಂತ ಎರಡೂ ಒಂದೇ ಕಡೆ ಇರುವ ಒಳ್ಳೆಯ ಜಾಗ ಹುಡುಕಿ.

ಸೇರಿಸುವ ಮೊದಲು ವಯಸ್ಸಿನ ಲೆಕ್ಕವನ್ನೂ ಹಿಂದಿನಿಂದ ಹಾಕಿಕೊಳ್ಳಿ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ. 2025ರಲ್ಲಿ ಆ ವರ್ಷದ ಮಟ್ಟಿಗೆ ಸಡಿಲಿಕೆ ಕೊಟ್ಟರು, ಅದನ್ನೇ ನಂಬಿಕೊಂಡು ಕೂರುವಂತಿಲ್ಲ. ಎರಡೂವರೆಗೇ ಸೇರಿಸಿದರೆ ಕೊನೆಗೆ ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗಬಹುದು. ನೋಡಲು ಹೋಗುವವರು ಹನ್ನೊಂದು ಗಂಟೆಗೆ, ಮಕ್ಕಳು ತಿಂಡಿ ಡಬ್ಬಿ ತೆಗೆಯುವ ಹೊತ್ತಿಗೆ ಹೋಗಿ. ಡಬ್ಬಿ ಮುಚ್ಚಳ ಬರದೆ ಒದ್ದಾಡುವ ಮಗುವಿಗೆ ಯಾರು, ಹೇಗೆ ಸಹಾಯ ಮಾಡುತ್ತಾರೆ ನೋಡಿ. ಮಕ್ಕಳಿಲ್ಲದ ಶನಿವಾರವೇ ಬನ್ನಿ ಅಂದರೆ ನಾನಾದರೆ ಆ ಶಾಲೆ ಬಿಟ್ಟುಬಿಡುತ್ತೇನೆ.