ಕೊನೆಯ ಹಾಳೆಗಳೂ ಇರುವ 'ಶರಪಂಜರ'

ತ್ರಿವೇಣಿಯವರ 'ಶರಪಂಜರ' ಹೊಸ ಮುದ್ರಣ ಹೋದ ವಾರ ತರಿಸಿಕೊಂಡೆ. ಎರಡು ರಾತ್ರಿಗೆ ಓದಿ ಮುಗಿಸಿದೆ.

ಮೊದಲು ಓದಿದ್ದು 1986ರಲ್ಲಿ, ಅರಸೀಕೆರೆಯಲ್ಲಿ. ಆಗ ಒಂಬತ್ತನೇ ಕ್ಲಾಸು. ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕ, ದಿನಕ್ಕೆ ನಾಲ್ಕಾಣೆ. ರಟ್ಟು ಹಾಕಿ ದಬ್ಬಣದಲ್ಲಿ ಎಷ್ಟು ಬಿಗಿಯಾಗಿ ಹೊಲಿದಿದ್ದರೆಂದರೆ, ಒಳಗಿನ ಅಕ್ಷರ ಕಾಣಬೇಕಾದರೆ ಎರಡೂ ಕೈಯಲ್ಲಿ ಅಗಲಿಸಿ ಹಿಡಿಯಬೇಕಿತ್ತು. ಕೊನೆಯ ನಾಲ್ಕೈದು ಹಾಳೆ ಇರಲೇ ಇಲ್ಲ.

ಆ ವರ್ಷ ತಮ್ಮ ಹುಟ್ಟಿದ್ದ. ಬಾಣಂತನದಲ್ಲೇ ಅಮ್ಮನಿಗೆ ಮನಸ್ಸಿನ ಕಾಯಿಲೆ ಆಗಿ, ಎರಡು ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದು ಬಂದಳು. ಬಂದಮೇಲೆ ಚೆನ್ನಾಗೇ ಇದ್ದಳು. ಆದರೆ ಸ್ವಲ್ಪ ಜೋರಾಗಿ ನಕ್ಕರೆ ಸಾಕು, ಅಜ್ಜಿ ಒಳಗಿಂದ ಇಣುಕುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ತಮ್ಮನನ್ನು ಅವಳೊಬ್ಬಳ ಹತ್ತಿರ ಬಿಡುತ್ತಿರಲಿಲ್ಲ. ನಾನೂ ಅವಳನ್ನು ಹಾಗೇ ನೋಡುತ್ತಿದ್ದೆ.

ಕಾದಂಬರಿಯ ಕಾವೇರಿಯೂ ಹೆರಿಗೆಯ ನಂತರ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದವಳು. ಕಾಯಿಲೆ ಬಿಟ್ಟರೂ ಜನರ ಕಣ್ಣು ಅವಳನ್ನು ಬಿಡುವುದಿಲ್ಲ. ಓದುತ್ತಾ ನನಗೆ ನಮ್ಮನೆಯೇ ಕಂಡಿತು. ಇದು ನಮ್ಮನೆಗೆ ಮಾತ್ರ ಬಂದಿದ್ದಲ್ಲ ಅಂತ ಗೊತ್ತಾಗಿ ಎದೆ ಎಷ್ಟು ಹಗುರವಾಯಿತು ಅಂತೀರಾ! ಮಾರನೇ ದಿನ ಅಮ್ಮ ನಕ್ಕಾಗ ನಾನೂ ಅವಳ ಜೊತೆ ನಕ್ಕೆ.

ತ್ರಿವೇಣಿ ಮೈಸೂರಿನವರು, ಮನಶ್ಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು, ಮಗಳು ಹುಟ್ಟಿದ ಕೆಲವೇ ದಿನಕ್ಕೆ. 35 ಕೂಡ ತುಂಬಿರಲಿಲ್ಲ. ಅಷ್ಟರಲ್ಲೇ ಸುಮಾರು 20 ಕಾದಂಬರಿ ಬರೆದಿದ್ದರು. ಊರೆಲ್ಲ ಹುಚ್ಚು ಅನ್ನುತ್ತಿದ್ದುದನ್ನು ಅವರು ಕಾಯಿಲೆ ಅಂತ ಬರೆದರು. ಅವರಿಗೆ ನಾನು ಋಣಿ.

ಪುಸ್ತಕದ ವಿಷಯಕ್ಕೆ ಬಂದರೆ, ಅಕ್ಷರ ದಪ್ಪವಾಗಿದೆ, ಕನ್ನಡಕದವರಿಗೂ ತ್ರಾಸಿಲ್ಲ. ಕಾಗದ ಮಾತ್ರ ತೆಳು, ಹಿಂದಿನ ಪುಟ ಮುಂದಕ್ಕೆ ಕಾಣುತ್ತದೆ. ಅಲ್ಲಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ. ಇಂಥ ಪುಸ್ತಕಕ್ಕೆ ಇನ್ನೊಂದು ಸಲ ಕರಡು ತಿದ್ದಬಹುದಿತ್ತು ಅಲ್ವಾ? ಕಳಿಸಿದವರು ಸುಮ್ನೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದ್ದರು, ಮೂಲೆ ಮಡಚಿಕೊಂಡಿತ್ತು. ಆದರೂ ಕೊಂಡುಕೊಳ್ಳಿ ಅಂತಲೇ ಹೇಳುತ್ತೇನೆ. ತ್ರಿವೇಣಿಯವರನ್ನು ಓದೇ ಇಲ್ಲದ ಮಕ್ಕಳಿಗಾದರೆ ಮೊದಲು 'ಹಣ್ಣೆಲೆ ಚಿಗುರಿದಾಗ' ಕೊಡಿ.

ಆ ಹರಿದ ಹಾಳೆಗಳ ಜಾಗಕ್ಕೆ ನಾನೇ ಒಂದು ಕೊನೆ ಕಟ್ಟಿಕೊಂಡಿದ್ದೆ. ಅದರಲ್ಲಿ ಕಾವೇರಿ ಸುಖವಾಗಿರುತ್ತಿದ್ದಳು. ಅದು ಕೆಡಬಾರದು ಅಂತ ಪುಟ್ಟಣ್ಣನವರ 1971ರ ಸಿನಿಮಾವನ್ನೂ ಬೇಕಂತಲೇ ನೋಡಿರಲಿಲ್ಲ. ಈಗ ನಿಜವಾದ ಕೊನೆ ಓದಿದೆ. ಅದೇನು ಅಂತ ಇಲ್ಲಿ ಹೇಳುವುದಿಲ್ಲ. ದೀಪ ಆರಿಸಿದ ಮೇಲೂ ತುಂಬ ಹೊತ್ತು ಎದ್ದೇ ಇದ್ದೆ.

ಮಗಳಿಗೆ ಈಗ ಏಳು ತಿಂಗಳು. ಪುಸ್ತಕವನ್ನು ಅಳಿಯನ ಕೈಗೆ ಕೊಟ್ಟಿದ್ದೇನೆ.